ಹಳ್ಳದಾಚೆಯ ಹೊಲ

ಸುಭಾಸ ಕುಂದಗೋಳದ ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಆ ವಿಷಯ ತೆಗೆದುಕೊಳ್ಳುವ ಹುಡುಗರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಬಂದವರಲ್ಲೂ ಬಹಳ ಮಂದಿ ಬೇರೆ ಕಡೆ ಜಾಗ ಸಿಗದೆ ಬಂದವರೇ. ಆದರೂ ಪಾಠಕ್ಕೆ ನಿಂತನೆಂದರೆ ಅವನು ಕೊಠಡಿ ತುಂಬಿದೆಯೋ ಖಾಲಿ ಇದೆಯೋ ನೋಡುತ್ತಿರಲಿಲ್ಲ. ಒಂದು ಮಾತು ಸರಿಯೋ ತಪ್ಪೋ ಎಂದು ತಿಳಿಯಲು ಅದನ್ನು ಆಡಿದವನ ಮುಖ ನೋಡಬೇಕಾಗಿಲ್ಲ ಎಂಬ ಸಂಗತಿಯೇ ಹರೆಯದಲ್ಲಿ ಅವನನ್ನು ಈ ವಿಷಯಕ್ಕೆ ಎಳೆದು ತಂದಿತ್ತು. ಯಾಕೆಂದರೆ ಅವನು ಬೆಳೆದ ಯರಗುಪ್ಪಿಯ ಮನೆಯಲ್ಲಿ ಎಲ್ಲರೂ ಮೊದಲು ಅಪ್ಪನ ಮುಖ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು.

ಅಪ್ಪ ಶಂಭುಲಿಂಗಪ್ಪ ಹೊಡೆದು ಬಡಿದು ಮಾಡುವ ಮನುಷ್ಯನಲ್ಲ. ದನಿ ಏರಿಸಿದ್ದೂ ಕಡಿಮೆ. ಯಾವುದಕ್ಕಾದರೂ ಬೇಡ ಎನ್ನಬೇಕಾದರೆ ಆತ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಎಡಗೈ ಬೆರಳುಗಳ ಗೆಣ್ಣಿನ ಮೇಲೆ ಹೆಬ್ಬೆರಳು ಊರುತ್ತ ಒಂದೊಂದೇ ಕಾರಣ ಹೇಳುತ್ತಿದ್ದ. ಒಂದು ಬೆರಳು ಮುಗಿದರೆ ಇನ್ನೊಂದು. ಹೇಳಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು, ಕಷ್ಟವಿದ್ದದ್ದೇ ಅಲ್ಲಿ. ಎದುರು ಕೂತವರಿಗೆ ಅಲ್ಲಗಳೆಯಲು ಏನೂ ಸಿಗುತ್ತಿರಲಿಲ್ಲ, ಒಪ್ಪಿಕೊಳ್ಳಲು ಮನಸ್ಸೂ ಬರುತ್ತಿರಲಿಲ್ಲ.

ಆತ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬೆಣ್ಣಿಹಳ್ಳದ ಆಚೆಗಿದ್ದ ಮನೆತನದ ಕರಿಮಣ್ಣಿನ ಎರೆಹೊಲವನ್ನು ಆತನ ಕಾಲದಿಂದಲೂ ಭರಮಪ್ಪ ಎಂಬವನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಕಡಲೆ, ಜೋಳದ ಚೀಲಗಳನ್ನು ತಾನೇ ಕುಂದಗೋಳದ ಮನೆಗೆ ತಂದು ಇಳಿಸಿ, ಚಹಾ ಕುಡಿದು ಹೋಗುತ್ತಿದ್ದ. ದೊಡ್ಡವನಾದ ಮೇಲೆ ಸುಭಾಸ ಆ ಹೊಲಕ್ಕೆ ಹೋದವನೇ ಅಲ್ಲ. ಈ ಶ್ರಾವಣದಲ್ಲಿ ಭರಮಪ್ಪ ಬರಿಗೈಯಲ್ಲಿ ಬಂದ. ಮೊಣಕಾಲು ಹೋದವು, ಇನ್ನು ತನ್ನ ಕೈಲಾಗುವುದಿಲ್ಲ, ಹೊಲ ಬೇರೆ ಯಾರಿಗಾದರೂ ನೋಡಿ ಕೊಡಿರಿ ಎಂದು ಹೇಳಿ, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದ.

ಕೆಲವು ದಿನಗಳ ಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ಮಗಳು ಶೈಲಾ, ಆ ಹೊಲ ಈ ಹಿಂಗಾರಿಗೆ ತಾನೇ ಮಾಡುತ್ತೇನೆ ಎಂದಳು.

ಶೈಲಾ ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಹುಬ್ಬಳ್ಳಿಯ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ತಮಾಷೆಗೆ ಮಾತಾಡುವ ಹುಡುಗಿಯಲ್ಲ. ಸುಭಾಸ ತಾಟು ಸರಿಸಿ, ಕೈ ತೊಳೆದು ಬಂದು ಕೂತು ಹೇಳತೊಡಗಿದ. ಹೊಲ ದೂರ. ಆಳುಗಳು ಸಿಗುವುದಿಲ್ಲ. ಹಿಂಗಾರಿ ಮಳೆಯನ್ನು ನಂಬುವ ಹಾಗಿಲ್ಲ. ಕೈಯಲ್ಲಿದ್ದ ನೌಕರಿ ಬಿಟ್ಟರೆ ಮತ್ತೆ ಸಿಗುವುದು ಸುಲಭವಲ್ಲ. ಶೈಲಾ ಎಲ್ಲವನ್ನೂ ಕೇಳಿ ಒಂದೊಂದಕ್ಕೇ ಉತ್ತರ ಕೊಟ್ಟಳು. ಯರಗುಪ್ಪಿಯ ರಸೂಲಸಾಬನ ಟ್ರ್ಯಾಕ್ಟರಿಗೆ ಆಗಲೇ ಹೇಳಿಟ್ಟಿದ್ದಳು. ಕಡಲೆಗೆ ಬಹಳ ಆಳು ಬೇಡ ಎಂದಳು. ಎರೆಮಣ್ಣು ಒಮ್ಮೆ ನೀರು ಕುಡಿದರೆ ಎಷ್ಟು ದಿನ ತೇವ ಹಿಡಿದಿಡುತ್ತದೆಂದು ವಿವರಿಸಿದಳು. ಕಂಪನಿಯವರು ಸುತ್ತಲಿನ ಹಳ್ಳಿಗಳ ಕೆಲಸವನ್ನು ಅವಳಿಗೇ ಬಿಟ್ಟುಕೊಡಲು ಒಪ್ಪಿದ್ದರು. ಅವಳು ಒಂದು ಕಾರಣ ಕಿತ್ತರೆ ಅವನು ಇನ್ನೊಂದು ನೆಡುತ್ತಿದ್ದ. ದಾರಿ ಸರಿಯಿಲ್ಲ, ಹೆಣ್ಣುಮಗಳು ಒಬ್ಬಳೇ ಹೇಗೆ ಓಡಾಡುವುದು, ಕಡಲೆಗೆ ದರ ಬರುವುದೆಂಬ ಖಾತ್ರಿ ಏನು.

"ನಿಮ್ಮಿಬ್ಬರ ಮಾತ ಕೇಳಿದ್ರ ಕೋರ್ಟಿನ್ಯಾಗ ಕುಂತಂಗ ಆಗತೈತಿ. ಅನ್ನ ಆರಿ ಹೋತು," ಎಂದು ಹೆಂಡತಿ ಮಹಾನಂದಾ ತಾಟು ಎತ್ತಿಕೊಂಡು ಎದ್ದಳು.

ಆ ವಾರವೆಲ್ಲ ಇದೇ ನಡೆಯಿತು. ಕೊನೆಗೆ ಒಂದು ಮುಂಜಾನೆ ಶೈಲಾ ಬಾಗಿಲಲ್ಲಿ ನಿಂತು ಹೇಳಿದಳು, "ಅಪ್ಪಾ, ನೀವ ಹೇಳಿದ್ದಕ್ಕೆಲ್ಲಾ ನಾ ಉತ್ತರ ಕೊಟ್ಟೀನಿ. ಕೊಟ್ಟಂಗೆಲ್ಲಾ ನೀವ ಹೊಸಾದು ತರ್ತೀರಿ. ಇದು ತರ್ಕ ಅಲ್ರಿ."

"ತರ್ಕ ನನಗ ಕಲಸಾಕ ಬರಬ್ಯಾಡ," ಎಂದ ಸುಭಾಸ. ಅವಳ ಮಾತು ನಿಜವೆಂದು ಗೊತ್ತಿದ್ದುದರಿಂದಲೇ ಅವನ ದನಿ ಅಷ್ಟು ಗಡುಸಾಗಿತ್ತು. ಮಗಳು ಚೀಲ ಹೆಗಲಿಗೇರಿಸಿ, ಶಲವಡಿಯಲ್ಲಿದ್ದ ಮಲ್ಲಕ್ಕಜ್ಜಿಯ ಮನೆಗೆ ಹೊರಟುಹೋದಳು.

ಮಲ್ಲಕ್ಕ ಶಂಭುಲಿಂಗಪ್ಪನ ತಂಗಿ, ಸುಭಾಸನಿಗೆ ಸೋದರತ್ತೆ. ರವಿವಾರ ಅವನು ಮಗಳನ್ನು ಕರೆತರಲು ಬಸ್ಸು ಹತ್ತಿದ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಅಣ್ಣಿಗೇರಿ ದಾರಿ ಹಿಡಿದಾಗ ಎರಡೂ ಬದಿಗೆ ಹೆಸರಿನ ಬೆಳೆ ಕಿತ್ತ ಹೊಲಗಳು ಕರ್ರಗೆ ಬಿದ್ದಿದ್ದವು. ಅಣ್ಣಿಗೇರಿ ಹತ್ತಿರವಾದಂತೆ, ಯಾವಾಗಲೂ ಮಾಡುವ ಹಾಗೆ, ಅವನು ಕಿಟಕಿಯಿಂದ ಮುಖ ತಿರುಗಿಸಿಕೊಂಡ. ಹೈಸ್ಕೂಲಿನ ವರ್ಷಗಳನ್ನು ಅವನು ಕಳೆದದ್ದು ಆ ಊರಿನ ವಸತಿಗೃಹದಲ್ಲಿ. ಅಲ್ಲಿಗೆ ಹೋಗುವುದಕ್ಕಿಂತ ಮುಂಚಿನ ದಿನಗಳೆಂದರೆ ಅವನಿಗೆ ಪ್ರಭು ಕಾಕಾನ ದಿನಗಳು.

ಪ್ರಭು ಕಾಕಾ ಅಪ್ಪನ ತಮ್ಮ. ಇನ್ನೂ ಮದುವೆಯಾಗಿರಲಿಲ್ಲ. ಅಪ್ಪ ಎಷ್ಟು ಬಿಗಿಯೋ ಕಾಕಾ ಅಷ್ಟೇ ಸಡಿಲ. ಬೇಸಿಗೆಯಲ್ಲಿ ಹಳ್ಳವೆಂದರೆ ಉಸುಕು, ಅಲ್ಲೊಂದು ಇಲ್ಲೊಂದು ಮಡು. ಕಾಕಾ ಬಂಡಿ ನಿಲ್ಲಿಸಿ ಉಸುಕಿನಲ್ಲಿ ಒರತೆ ತೋಡುತ್ತಿದ್ದ. ಕೆಂಪು ನೀರು ತಿಳಿಯಾಗುವವರೆಗೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದರು. ಆಮೇಲೆ ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿದ್ದರು. ಚಳಿಗಾಲದಲ್ಲಿ ನಸುಕಿನಲ್ಲೇ ಎಬ್ಬಿಸಿಕೊಂಡು ಹೊಲಕ್ಕೆ ಹೋಗಿ, ಕಡಲೆ ಗಿಡಗಳ ಮೇಲೆ ಬಿಳಿ ಧೋತರ ಎಳೆದಾಡಿ, ಹುಳಿ ಇಬ್ಬನಿ ಹೀರಿದ ಬಟ್ಟೆಯನ್ನು ತಂಬಿಗೆಯಲ್ಲಿ ಹಿಂಡುತ್ತಿದ್ದ. ಒಂದು ಹನಿ ನಾಲಿಗೆಗೆ ಬಿಟ್ಟು, ಹುಡುಗನ ಮುಖ ಕಿವುಚುವುದನ್ನು ನೋಡಿ ನಗುತ್ತಿದ್ದ. ಕಾಕಾನ ಉತ್ತರಗಳಿಗೆ ತಲೆಬುಡ ಇರುತ್ತಿರಲಿಲ್ಲ. ಎತ್ತು ಯಾಕೆ ತಲೆ ಅಲ್ಲಾಡಿಸುತ್ತದೆ ಎಂದು ಕೇಳಿದರೆ, ನೀನು ಹೇಳಿದ್ದು ಅದಕ್ಕೆ ಒಪ್ಪಿಗೆಯಿಲ್ಲ ಎನ್ನುತ್ತಿದ್ದ.

ಒಂದು ಮಳೆಗಾಲದಲ್ಲಿ ಆ ಕಾಕಾನನ್ನು ಹಳ್ಳ ಎಳೆದುಕೊಂಡು ಹೋಯಿತು. ಸುಭಾಸ ಆಗ ಸಾಲೆಯಲ್ಲಿದ್ದ. ಓಡಿಬಂದಾಗ ಕಂಡದ್ದು ದಂಡೆಯ ಮೇಲಿನ ಜನ, ಮುರಿದ ನೊಗ ಕೊರಳಲ್ಲಿ ಎಳೆಯುತ್ತ ಮೇಲೆ ಬಂದ ಒಂದೇ ಎತ್ತು. ಅವತ್ತಿನಿಂದ ಮನೆಯಲ್ಲಿ ಯಾರೂ ಕಾಕಾನ ಹೆಸರು ಎತ್ತಲಿಲ್ಲ. ಏಳನೇ ಇಯತ್ತೆ ಮುಗಿದಾಗ ಓರಗೆಯ ಹುಡುಗರೆಲ್ಲ ಹಳ್ಳ ದಾಟಿ ಪಕ್ಕದೂರಿನ ಹೈಸ್ಕೂಲಿಗೆ ನಡೆದುಹೋಗತೊಡಗಿದರು. ಅಪ್ಪ ಮಾತ್ರ ಸುಭಾಸನನ್ನು ಎದುರಿಗೆ ಕೂರಿಸಿಕೊಂಡು, ಅಣ್ಣಿಗೇರಿಯ ಸಾಲೆ ಯಾಕೆ ಒಳ್ಳೆಯದೆಂದು ಬೆರಳು ಮುಗಿಯುವ ತನಕ ಹೇಳಿದ. ಇಂಗ್ಲಿಷ್ ಮಾಸ್ತರರು ಚಲೋ ಇದ್ದಾರೆ, ವಾಚನಾಲಯ ಇದೆ, ರೈಲಿನ ಅನುಕೂಲವಿದೆ. ಹುಡುಗನಿಗೆ ತಿಳಿದದ್ದು ಒಂದೇ, ಅಪ್ಪನಿಗೆ ತಾನು ಮನೆಯಲ್ಲಿರುವುದು ಬೇಡವಾಗಿದೆ. ತಿಂಗಳಿಗೊಮ್ಮೆ ಅಪ್ಪ ಶೇಂಗಾ ಉಂಡಿಯ ಗಂಟು ಹಿಡಿದು ವಸತಿಗೃಹದ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ. ಹೆಚ್ಚು ಮಾತಿಲ್ಲ. ಗಂಟು ಕೊಟ್ಟು, ಒಮ್ಮೆ ತಲೆ ಎತ್ತಿ ಮುಗಿಲು ನೋಡಿ, ಬಸ್ಸಿಗೆ ನಡೆದುಬಿಡುತ್ತಿದ್ದ. ಆ ಉಂಡಿಗಳನ್ನು ಸುಭಾಸ ಬಾಜುದ ಹುಡುಗರಿಗೆ ಹಂಚುತ್ತಿದ್ದ. ತಾನು ತಿನ್ನುತ್ತಿರಲಿಲ್ಲ.

ಶಲವಡಿಯ ಮನೆ ಸೊಸೆಯಂದಿರು, ಮೊಮ್ಮಕ್ಕಳಿಂದ ಗಿಜಿಗುಡುತ್ತಿತ್ತು. ಶೈಲಾ ಹಿತ್ತಲಲ್ಲಿ ಹೆಂಗಸರೊಂದಿಗೆ ಹೆಸರು ಕೇರುತ್ತ ಕೂತಿದ್ದಳು. ಅಪ್ಪನನ್ನು ಕಂಡು, ನೀರು ತಂದುಕೊಟ್ಟು, ಮತ್ತೆ ಹೋಗಿ ಕೂತಳು. ಎಂಬತ್ತು ದಾಟಿದ್ದ ಮಲ್ಲಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಹುಡುಗಿ ತನಗೆ ಎಲ್ಲಾ ಹೇಳಿದ್ದಾಳೆ, ಈಗ ನಿಂದು ಹೇಳು ಎಂದಳು.

ಸುಭಾಸ ಹೇಳತೊಡಗಿದ. ಹೊಲ ದೂರ ಎಂದ. ಆಳುಗಳ ಮಾತು ತೆಗೆದ. ಮಳೆಯ ವಿಷಯಕ್ಕೆ ಬಂದಾಗ ಮುದುಕಿ ನಗತೊಡಗಿದಳು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕೈ ನೋಡ್ಕೋ," ಎಂದಳು.

ಸುಭಾಸ ಕೆಳಗೆ ನೋಡಿದ. ಅವನ ಹೆಬ್ಬೆರಳು ಎಡಗೈಯ ನಡುಬೆರಳಿನ ಗೆಣ್ಣಿನ ಮೇಲೆ ಊರಿಕೊಂಡಿತ್ತು.

"ಥೇಟ್ ನಮ್ಮಣ್ಣ. ದನಿ ಸೈತ ಹಂಗ. ನಮ್ಮಪ್ಪನೂ ಹಿಂಗ ಇದ್ದ ಅನ್ನು." ಮದುವೆಯಾದ ಹೊಸದರಲ್ಲಿ ತನ್ನನ್ನು ಶಲವಡಿಗೆ ಕಳಿಸಲು ಅವಳಪ್ಪ ಹೇಗೆ ಹಿಂದೆಮುಂದೆ ನೋಡಿದನೆಂದು ಮಲ್ಲಕ್ಕ ಹೇಳಿದಳು. ಕರೆಯಲು ಬಂದ ಬೀಗರ ಎದುರು ಕೂತು, ಎತ್ತಿಗೆ ಆರಾಮಿಲ್ಲ, ದಾರಿಯಲ್ಲಿ ರಾಡಿ, ಅಮಾವಾಸ್ಯೆ ಹತ್ತಿರ ಬಂತು, ಹುಡುಗಿಗೆ ನೆಗಡಿ ಎಂದು ಬೆರಳು ಎಣಿಸಿದನಂತೆ. ಬೀಗರು ಮುಖ ಸಿಂಡರಿಸಿಕೊಂಡು ಬರಿ ಬಂಡಿ ಹೊಡೆದುಕೊಂಡು ಹೋದರಂತೆ. "ಮಗಳ ಬಿಟ್ಟು ಇರೂದು ಆಗೂದಿಲ್ಲ ಅಂತ ಒಂದ ಮಾತ ಅಂದಿದ್ರ ಮುಗೀತಿತ್ತು. ನಮ್ಮ ಮನಿ ಗಂಡಸರ ಬಾಯಾಗ ಅದು ಬರಂಗಿಲ್ಲ. ಹೊಟ್ಯಾಗಿಂದು ಹೊಟ್ಯಾಗ ಇರತೈತಿ, ಮ್ಯಾಲೆ ಬರೂದು ಬರೀ ಕಾರಣ."

ಸುಭಾಸನಿಗೂ ನಗು ಬಂತು. ಆದರೆ ಮಲ್ಲಕ್ಕನ ನಗು ನಿಂತಿತ್ತು. ಅವಳು ಚಾಚಿದ ಕಾಲು ಮಡಚಿಕೊಂಡಳು. ನಿಮ್ಮಪ್ಪನಿಗೆ ಅದು ಅತಿಯಾಗಿದ್ದು ಪ್ರಭು ಹೋದ ಮೇಲೆ ಎಂದಳು. ಅವಳ ಬಾಯಲ್ಲಿ ಆ ಹೆಸರು ಕೇಳಿ ಸುಭಾಸ ತಲೆ ಎತ್ತಿದ.

"ಅವತ್ತ ನಾ ತವರಿಗೆ ಬಂದಿದ್ದೆ. ಒಳಗ ಹಿಟ್ಟ ಸಾಣಿಸಾಕತ್ತಿದ್ದೆ. ಪ್ರಭು ಬಂಡಿ ಹೂಡಿ, ಅಣ್ಣಾ ಹಳ್ಳ ದಾಟ್ಲೇನು ಅಂತ ಕೇಳಿದ. ನಿಮ್ಮಪ್ಪ ಹೊರಗ ಹೋಗಿ ಮುಗಿಲ ನೋಡಿದ. ಒಂದ ಮೋಡ ಇರಲಿಲ್ಲ. ಮಳಿ ಇಲ್ಲ, ಹಳ್ಳ ಎಲ್ಲಿಂದ ಬರತೈತಿ, ಹೋಗಿ ಬಾ ಅಂದ. ಮಳಿ ಆಗಿದ್ದು ಮ್ಯಾಲೆ, ಹುಬ್ಬಳ್ಳಿ ಕಡೆ."

ಸುಭಾಸ ಆ ಮಾತನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿದ. ಮಳೆ ಬಂದರೆ ಹಳ್ಳ ಬರುತ್ತದೆ. ಮಳೆ ಇಲ್ಲ. ಆದ್ದರಿಂದ ಹಳ್ಳ ಬರುವುದಿಲ್ಲ. ಇಂಥದ್ದೇ ಒಂದು ಉದಾಹರಣೆಯನ್ನು ಅವನು ಪ್ರತಿವರ್ಷ ಹಲಗೆಯ ಮೇಲೆ ಬರೆದು, ಇದರಲ್ಲಿ ದೋಷ ಎಲ್ಲಿದೆ ಎಂದು ಹುಡುಗರನ್ನು ಕೇಳುತ್ತಿದ್ದ. ತಪ್ಪು ಉತ್ತರಗಳಿಗೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದ. ಅದೇ ತಪ್ಪನ್ನು ಅಪ್ಪ ಒಂದು ಮುಂಜಾನೆ, ಬಿಸಿಲು ಬಿದ್ದ ಅಂಗಳದಲ್ಲಿ ನಿಂತು ಮಾಡಿದ್ದ. ಊರಲ್ಲಿ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರು. ಆದರೆ ಹೇಳಿದವನು ಅಪ್ಪ, ಹೋದವನು ಅವನ ತಮ್ಮ.

"ಒಂದ ಕಾರಣ ನಂಬಿ ತಮ್ಮನ್ನ ಕಳಕೊಂಡ, ಯಪ್ಪಾ," ಎಂದಳು ಮಲ್ಲಕ್ಕ. "ಆಮ್ಯಾಲೆ ಅವಂಗ ಎಷ್ಟ ಕಾರಣ ಸಿಕ್ರೂ ಸಾಲ್ತಿರಲಿಲ್ಲ. ನಿನ್ನ ಅಣ್ಣಿಗೇರ್ಯಾಗ ಬಿಟ್ಟು ಬಂದ ದಿನ ಊಟಕ್ಕ ಏಳಲಿಲ್ಲಂತ, ನಿಮ್ಮವ್ವ ಹೇಳಿದ್ಲು. ಹಳ್ಳಕ್ಕ ಅಂಜಿ ಕಳಿಸೀನಿ ಅಂದ್ರ, ಪ್ರಭುನ್ನ ಕಳಿಸಿದ್ದು ನಾನ ಅಂತನೂ ಹೇಳಬೇಕಾಗತಿತ್ತಲ್ಲ."

ಆ ಮಧ್ಯಾಹ್ನ ಸುಭಾಸ ಊಟ ಮಾಡಿ ಬೇವಿನ ಮರದ ಕೆಳಗಿನ ಹೊರಸಿನ ಮೇಲೆ ಮಲಗಿದ. ಕಣ್ಣು ಮುಚ್ಚಿದರೆ ವಸತಿಗೃಹದ ಗೇಟು ಕಾಣುತ್ತಿತ್ತು. ಡಿಸೆಂಬರ್ ಚಳಿಯಲ್ಲೂ ಅಪ್ಪ ಹೊರಡುವ ಮುಂಚೆ ತಲೆ ಎತ್ತಿ ಮುಗಿಲು ನೋಡುತ್ತಿದ್ದ. ಇಷ್ಟು ವರ್ಷ ಅದನ್ನು ತನ್ನ ಮುಖ ನೋಡಲು ಮನಸ್ಸಿಲ್ಲದವನ ನೋಟವೆಂದು ಅವನು ತಿಳಿದಿದ್ದ. ಅಪ್ಪನಿದ್ದಾಗ ಇದು ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡ. ಬಹುಶಃ ಏನೂ ಹೇಳುತ್ತಿರಲಿಲ್ಲ. ಆ ಉಂಡಿಗಳನ್ನು ಮಾತ್ರ ತಿನ್ನುತ್ತಿದ್ದ.

ಸಂಜೆಯ ಬಸ್ಸಿನಲ್ಲಿ ಅಪ್ಪ ಮಗಳು ಅಕ್ಕಪಕ್ಕ ಕೂತರು. ಟಿಕೇಟು ತೆಗೆಸಿದ ಮೇಲೆ ಸುಭಾಸ ಕೇಳಿದ. ನೀನು ತಳಿಶಾಸ್ತ್ರ ಓದಿದವಳು, ಇಂಥದ್ದು ರಕ್ತದಲ್ಲಿ ಬರುತ್ತದೇನು? ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ, ಅಂಜುವುದು, ಅಂಜಿದ್ದನ್ನು ಮುಚ್ಚಲು ಕಾರಣ ಹುಡುಕುವುದು?

ಶೈಲಾ ಸುಲಭದ ಉತ್ತರ ಕೊಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಯೋಚಿಸಿ ಹೇಳಿದಳು. "ಕಡ್ಲಿ ಬೀಜ ಆದ್ರ ಒಂದ ತಳೀದು ಎರಡ ಹೊಲದಾಗ ಬಿತ್ತಿ ನೋಡಬಹುದರಿ. ಬೀಜದ್ದೆಷ್ಟು, ನೆಲದ್ದೆಷ್ಟು ಅಂತ ಅಂದಾಜು ಸಿಗತೈತಿ. ನಿಮ್ಮನ್ನ ಎರಡ ಮನ್ಯಾಗ ಬೆಳಸಿ ನೋಡಿದವರು ಯಾರದಾರ? ಸ್ವಲ್ಪ ಹುಟ್ಟತ ಬಂದಿರಬೇಕು. ಸ್ವಲ್ಪ ಅಜ್ಜನ್ನ ನೋಡಿ ಕಲ್ತಿರಬೇಕು." ಆಮೇಲೆ, ತಾನೂ ಹಾಗೇ ಅಲ್ಲವೇ, ಊಟಕ್ಕೆ ಕೂತಲ್ಲಿ ತಾನೇನು ಕಡಿಮೆ ಕಾರಣ ಹೇಳಿದೆನೇ ಎಂದು ನಕ್ಕಳು.

ಮರುದಿನ ಕಾಲೇಜಿಗೆ ರಜೆ ಹಾಕಿ ಸುಭಾಸ ಅವಳ ಸ್ಕೂಟಿಯ ಹಿಂದೆ ಕೂತು ಯರಗುಪ್ಪಿಗೆ ಹೋದ. ಊರು ದಾಟಿ ಹಳ್ಳದ ಹತ್ತಿರ ಬಂದಾಗ ಇಳಿದು ನಡೆಯೋಣ ಎಂದ. ಬಂಡಿದಾರಿ ಇದ್ದಲ್ಲಿ ಈಗ ಸಿಮೆಂಟಿನ ಸೇತುವೆಯಾಗಿತ್ತು. ಕೆಳಗೆ ಮಣ್ಣುಬಣ್ಣದ ನೀರು ಜಾಲಿಗಿಡಗಳ ನಡುವೆ ಸುಮ್ಮನೆ ಹರಿಯುತ್ತಿತ್ತು. ಸೇತುವೆಯ ನಡುವೆ ಅವನ ಕಾಲು ನಿಂತಿತು. ಸೇತುವೆ ಗಟ್ಟಿ ಇದೆ, ನೀರು ಮೊಣಕಾಲಷ್ಟೂ ಇಲ್ಲ, ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಕಾಲಿಗೆ ಯಾವ ಉಪಯೋಗವೂ ಆಗಲಿಲ್ಲ.

"ಶೈಲಾ," ಎಂದ. "ಇಷ್ಟ ದಿನ ನಾ ಹೇಳಿದ್ದು ಯಾವುದೂ ಕಾರಣ ಅಲ್ಲ. ಈ ಹಳ್ಳಕ್ಕ ನನಗ ಅಂಜಿಕಿ ಬರತೈತಿ. ನೀ ಇದನ್ನ ದಾಟಿ ಹೋಗೂದು ನೆನಿಸಿಕೊಂಡ್ರ ನಿದ್ದಿ ಬರಂಗಿಲ್ಲ. ಇರೂದು ಇದೊಂದ."

ಶೈಲಾ ತಳ್ಳಿಕೊಂಡು ಬರುತ್ತಿದ್ದ ಸ್ಕೂಟಿ ನಿಲ್ಲಿಸಿ ಅವನ ಪಕ್ಕ ಬಂದು ಕಟ್ಟೆಗೆ ಒರಗಿದಳು. "ನಂದೂ ಕಾರಣ ಅಲ್ರಿ ಅಪ್ಪಾ," ಎಂದಳು. "ಲೆಕ್ಕ ಹಾಕಿ ನೋಡಿದ್ರ ನೀವ ಹೇಳಿದ್ದ ಖರೆ ಐತಿ. ಸಣ್ಣಾಕಿದ್ದಾಗ ಭರಮಪ್ಪಜ್ಜ ಚೀಲ ತಂದ್ರ ನಾ ಅದರಾಗ ಮಾರಿ ಇಟ್ಟು ವಾಸನಿ ತಗೋತಿದ್ದೆ. ನಮ್ಮ ಹೊಲದ್ದು ಅಂತಿದ್ರಿ. ಆ ಹೊಲ ನನಗ ಒಮ್ಮೆಯೂ ತೋರಿಸಲಿಲ್ಲ. ಅಷ್ಟಕ್ಕ ಮಾಡ್ತೀನಿ ಅಂದೆ."

ಇನ್ನು ವಾದಿಸಲು ಏನೂ ಉಳಿದಿರಲಿಲ್ಲ. ಹೀಗೆ ಕೈ ಖಾಲಿಯಾದ ಮೇಲೆ ಮಾತಾಡುವುದು ಸುಲಭವಾಯಿತು. ಮಳೆಗಾಲದಲ್ಲಿ ಊರಲ್ಲಿ ಬಿಸಿಲಿದ್ದರೂ ಹುಬ್ಬಳ್ಳಿ ಕಡೆಯ ಸುದ್ದಿ ಕೇಳದೆ ಹಳ್ಳ ದಾಟಬಾರದು ಎಂದ ಅವನು. ಆಗಲಿ ಎಂದಳು. ಹಳ್ಳ ಬಂದರೆ ಆಚೆಯೇ ಉಳಿಯಬೇಕು, ಸಾಹಸ ಮಾಡಬಾರದು ಎಂದ. ಅದನ್ನೂ ಒಪ್ಪಿದಳು. ಆಮೇಲೆ ಸುಭಾಸ ಮಗಳ ತೋಳು ಹಿಡಿದುಕೊಂಡು ಸೇತುವೆಯ ಉಳಿದ ಅರ್ಧ ದಾಟಿದ. ಹೊಲದ ಬದುವಿನ ಮೇಲೆ ನಿಂತಾಗ ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಭಾರವಾಯಿತು. ಕಾಕಾನ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದ ಜಾಗ ಯಾವುದೆಂದು ಎಷ್ಟು ಹುಡುಕಿದರೂ ಗುರುತು ಹತ್ತಲಿಲ್ಲ. ಹತ್ತಿರದಲ್ಲೇ ಎಲ್ಲೋ ಇರಬೇಕು ಎಂದುಕೊಂಡು ಒಂದು ಕಡೆ ಕೂತ. ಕೂತಲ್ಲೇ ಮಗಳಿಗೆ ಪ್ರಭು ಕಾಕಾನ ಕಥೆ ಹೇಳಿದ. ಹೇಳುತ್ತ ಹೇಳುತ್ತ ನಗು ಬಂತು, ಅಳುವೂ ಬಂತು.

ಆ ಹಿಂಗಾರಿಗೆ ಕಡಲೆ ಸಾಧಾರಣವಾಗಿ ಬಂತು, ಬಹಳವೇನಲ್ಲ. ಶೈಲಾ ಬಿಡಲಿಲ್ಲ. ಮುಂದಿನ ಮುಂಗಾರಿಗೆ ಹೆಸರು ಬಿತ್ತಿದಳು.

ಆ ಮಳೆಗಾಲದಲ್ಲಿ ಒಂದು ದಿನ ಹಳ್ಳ ಬಂತು. ಸೇತುವೆಯ ಮೇಲೆ ನೀರು ಹರಿಯುತ್ತಿದೆಯೆಂದು ರಸೂಲಸಾಬ ಫೋನ್ ಮಾಡಿದಾಗ ಸುಭಾಸ ಸ್ಟಾಫ್ ರೂಮಿನಲ್ಲಿದ್ದ. ಶೈಲಾ ಆಚೆ ಹೊಲದಲ್ಲಿದ್ದಳು. ಅವನು ಹುಚ್ಚನಂತೆ ಫೋನ್ ಹಚ್ಚಿದ. ಅವಳು ಮಾತು ಉಳಿಸಿಕೊಂಡಿದ್ದಳು. ನೀರು ಕಂಡ ಕೂಡಲೇ ಹಿಂದಿರುಗಿ, ಮೇಲಿನ ಹಟ್ಟಿಯಲ್ಲಿ ಕುರಿ ಸಾಕುವ ಸಾವಕ್ಕನ ಮನೆ ಸೇರಿದ್ದಳು. ಆರಾಮ ಇದ್ದೇನೆ ಎಂದಳು. ಸುಭಾಸ ಆಯಿತು ಎಂದು ಫೋನ್ ಇಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಹಚ್ಚಿ, ಊಟ ಆಯಿತೇನು ಎಂದು ಕೇಳಿದ. ಮತ್ತೆ ಹಚ್ಚಿ, ಹೊದೆಯಲು ಕಂಬಳಿ ಇದೆಯೇನು ಎಂದ. ಮನೆಗೆ ಬಂದ ಮೇಲೆ ರಾತ್ರಿಯೂ ಯಾವ ಕಾರಣವೂ ಇಲ್ಲದೆ ಇನ್ನೂ ಕೆಲವು ಸಲ ಹಚ್ಚಿದ. ಮಹಾನಂದಾ ಚಾರ್ಜರ್ ತಂದು ಪಕ್ಕದಲ್ಲಿಟ್ಟಳು.

ಮರುದಿನ ಮಧ್ಯಾಹ್ನ ನೀರು ಇಳಿಯಿತು. ಶೈಲಾ ಮನೆಗೆ ಬಂದಾಗ ಸಾವಕ್ಕನೂ ಜೊತೆಗಿದ್ದಳು. ಸಂತೆಗೆ ಬಂದವಳು, ಹಾಗೇ ಮಾಸ್ತರರನ್ನು ನೋಡಿ ಹೋಗೋಣವೆಂದು ಬಂದಿದ್ದಳು.

"ನಿಮ್ಮ ಮಗಳು ಮರಿಗೋಳಿಗೆ ಹಾಲ ಕುಡಿಸಿ ಅಗದಿ ಸುಖವಾಗಿ ಮಲಗಿದ್ಲರಿ," ಎಂದಳು ಬಾಗಿಲಲ್ಲೇ ನಿಂತು. "ನೀವ ನಮ್ಮನ್ನ ನಿದ್ದಿ ಮಾಡಗೊಡಲಿಲ್ಲ ನೋಡ್ರಿ ಮಾಸ್ತರ."

ಸುಭಾಸ ನಾಚಿಕೊಂಡು, ಒಳಗೆ ಬರ್ರಿ, ಚಹಾ ಕುಡಿದು ಹೋಗುವಿರಂತೆ ಎಂದ. ಮಹಾನಂದಾ ಒಲೆಯ ಮೇಲೆ ಪಾತ್ರೆ ಇಟ್ಟಳು. ಸಾವಕ್ಕ ಪಡಸಾಲೆಯಲ್ಲಿ ಕೂತು, ಹಟ್ಟಿಯ ಸುತ್ತ ಹುಲ್ಲು ಎಷ್ಟು ಎತ್ತರ ಬಂದಿದೆಯೆಂದು ಹೇಳತೊಡಗಿದಳು. ಶೈಲಾ ಕೈಕಾಲು ತೊಳೆದು ಬಂದು, ರಾಡಿ ಹತ್ತಿದ ಚೂಡಿದಾರದಲ್ಲೇ ಅಪ್ಪನ ಪಕ್ಕ ನೆಲದ ಮೇಲೆ ಕೂತಳು.